ಎಲ್ಲಕ್ಕಿಂತ ಜೋರಾದದ್ದು

"ಸೊಗಸಾಗಿ ಕೇಳಿಸ್ತಿದೆ," ಎಂದ ಗಂಡ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು. "ಇದನ್ನೇ ತಗೊಳ್ಳೋಣ. ನಡಿ ಮನೆಗೆ."

ಬೆಳಗಿನಿಂದ ಇದು ಮೂರನೆಯ ಅಂಗಡಿ, ಐದನೆಯ ಹೆಡ್‌ಫೋನು. ಐದಕ್ಕೂ ಅವನದು ಇದೇ ಸರ್ಟಿಫಿಕೇಟು. ಹೆಂಡತಿಗೆ ನಂಬಿಕೆ ಬರಲಿಲ್ಲ. ಮೂವತ್ತೊಂದು ವರ್ಷ ಮಿಲ್ಲಿನ ಮಗ್ಗಗಳ ನಡುವೆ ನಿಂತು ಕಿವಿ ಕೆಡಿಸಿಕೊಂಡು ಬಂದವನು ಅವನು. ಕೊಡಿಸಿದ ಕಿವಿಯಂತ್ರ ಬರೀ ಗೊರಗೊರ ಅನ್ನುತ್ತದೆಂದು ಅದನ್ನು ಬೀರುವಿನಲ್ಲಿ ಮಲಗಿಸಿದ್ದ. ಯಾವುದನ್ನೂ ಒಂದೇ ಮಾತಿಗೆ ಒಪ್ಪಿದ ಜಾಯಮಾನವಲ್ಲ.

ಗಿರಾಕಿಗಳು ಕೂತು ನೋಡಲೆಂದು ಅಂಗಡಿಯಾಕೆ ಒಂದು ಮೂಲೆಯನ್ನು ಮನೆಯ ಹಾಲ್‌ನಂತೆ ಮಾಡಿದ್ದಳು. ಒಂದು ಸೋಫಾ, ಟೀಪಾಯಿ, ಪ್ಲಾಸ್ಟಿಕ್ ಹೂವು, ಎದುರಿನ ಗೋಡೆಯ ತುಂಬ ಟಿವಿಗಳು. ಸೋಫಾದ ತೋಳಿಗೆ ಬೆಲೆಯ ಚೀಟಿ ನೇತಾಡುತ್ತಿತ್ತು. ಗಂಡ ಅದರಲ್ಲಿ ಪರೀಕ್ಷೆಗೆ ಕೂತ ಹುಡುಗನಂತೆ ನೆಟ್ಟಗೆ ಕೂತಿದ್ದ.

"ಇನ್ನೂ ಜೋರಾದದ್ದು ಇಲ್ವಾ? ಎಲ್ಲಕ್ಕಿಂತ ಜೋರಾದದ್ದು ಕೊಡಿ," ಎಂದಳು ಹೆಂಡತಿ. ಅವಳ ದನಿ ಒಡೆದುಹೋಗಿತ್ತು. ಎರಡು ಪದ ಬಂದರೆ ಮೂರನೆಯದು ಬರೀ ಗಾಳಿ.

"ಇರೋದು ಇನ್ನೊಂದೇ ಅಮ್ಮ. ಕಿವಿ ಮಂದ ಇರೋರಿಗೆ ಅಂತಲೇ ಮಾಡಿದ್ದು. ಆದ್ರೆ ಬೆಲೆ ಜಾಸ್ತಿ."

ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಅವರ ಮನೆಯ ಟಿವಿಯೇ ಅಷ್ಟು ಬಾಳುತ್ತಿರಲಿಲ್ಲ. "ತೋರಿಸಿ," ಎಂದಳು ಅವಳು.

ಈ ದಿನ ಶನಿವಾರ. ಸೋಮವಾರ ಬೆಳಿಗ್ಗೆ ಅವಳ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಗಡ್ಡೆ ಅಷ್ಟು ಬೆಳೆದಿತ್ತು. ಆಮೇಲೆ ಕತ್ತಿನಲ್ಲಿ ಒಂದು ತೂತು, ಉಸಿರು ಅದರಿಂದಲೇ, ಮಾತು ಇಲ್ಲ. ಮಾತು ಬೆಳ್ಳಿ ಮೌನ ಬಂಗಾರ ಅಂತಾರಲ್ಲ, ಸೋಮವಾರದಿಂದ ನಾನು ಅಪ್ಪಟ ಬಂಗಾರ ಎಂದು ಪಕ್ಕದ ಮನೆಯವಳ ಮುಂದೆ ನಕ್ಕಿದ್ದಳು. ಒಳಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ತನಗೇನಾದರೂ ಆಗಲಿ, ಸಂಜೆ ಟಿವಿಯ ಮುಂದೆ ಈ ಮನುಷ್ಯನ ಗತಿಯೇನು ಎಂಬುದೇ ಅವಳನ್ನು ಕೊರೆಯುತ್ತಿದ್ದದ್ದು. ಅವನಿಗೆ ಉಳಿದಿದ್ದ ಸುಖ ಅದೊಂದೇ. ಸಂಜೆಯ ವಾರ್ತೆ, ಅದರ ಹಿಂದೆಯೇ ಧಾರಾವಾಹಿ. ಅವಳು ಪಕ್ಕದಲ್ಲಿ ಕೂತು ಎಲ್ಲರ ಮಾತನ್ನೂ ಕೂಗಿ ಹೇಳುತ್ತಿದ್ದಳು. ಸುಮ್ಮನೆ ಒಪ್ಪಿಸುವುದಲ್ಲ, ಅತ್ತೆಗೆ ಅತ್ತೆಯ ದನಿ, ವಕೀಲನಿಗೆ ವಕೀಲನ ದನಿ, ಮಗುವಿಗೆ ಮಗುವಿನ ತೊದಲು. ಯಾರು ಕೂಗಿದರೂ ಕೇಳಿಸದವನಿಗೆ ಅವಳ ದನಿ ಮಾತ್ರ ಕೇಳಿಸುತ್ತಿತ್ತು. ಅವಳಿಗೆ ಅದೊಂದು ಹೆಮ್ಮೆ. ಅಡುಗೆಮನೆಯಿಂದ ಕರೆದರೆ ಓಗೊಡುತ್ತಿರಲಿಲ್ಲ ನಿಜ. ಅದು ಕಿವಿಯ ದೋಷವಲ್ಲ, ಗಂಡಸಿನ ದೋಷ ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದಳು.

ಮದುವೆಗೆ ಮೊದಲು ಅವಳೂ ಅದೇ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ತುಟಿಯನ್ನು ಅಗಲವಾಗಿ ಆಡಿಸಬೇಕು, ಎದುರಿನವರು ಅದನ್ನು ಓದಿಕೊಳ್ಳಬೇಕು. ಅಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರು. ಅವನು ಮಗ್ಗ ರಿಪೇರಿ ಮಾಡುವ ಮೇಸ್ತ್ರಿ. ಕೆಟ್ಟ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದರ ಕಂಪನದಿಂದಲೇ ಎಲ್ಲಿ ಸಡಿಲವಾಗಿದೆ ಎಂದು ಹೇಳುತ್ತಿದ್ದ. ನನ್ನನ್ನು ಮದುವೆಯಾಗ್ತೀಯಾ ಎಂದು ಅವನು ಕೇಳಿದ್ದು ನಾಲ್ಕು ಮಗ್ಗಗಳ ಆಚೆಯಿಂದ, ದನಿಯೇ ಇಲ್ಲದೆ.

ಅಂಗಡಿಯಾಕೆ ಹೊಸ ಡಬ್ಬಿ ಒಡೆದು, ದಪ್ಪ ಹೆಡ್‌ಫೋನನ್ನು ಅವನ ತಲೆಗೆ ಏರಿಸಿದಳು. ಟಿವಿಯಲ್ಲಿ ಒಬ್ಬ ಹೆಂಗಸು ಕಣ್ಣೀರು ಒರೆಸಿಕೊಳ್ಳುತ್ತ ಏನೋ ಹೇಳುತ್ತಿದ್ದಳು. ಅವನು ಎರಡು ಕ್ಷಣ ನೋಡಿ ತಲೆದೂಗಿದ.

"ಆಹಾ! ಇದು ಇನ್ನೂ ಸೊಗಸು. ಪ್ರತಿಯೊಂದು ಮಾತೂ ಕೇಳಿಸ್ತಿದೆ."

ಅಂಗಡಿಯಾಕೆಯ ಬೆರಳು ಗುಂಡಿಯ ಹತ್ತಿರವೇ ನಿಂತಿತು. ಅವಳು ಹೆಂಡತಿಯ ಮುಖ ನೋಡಿ, ತನ್ನದೇ ತಪ್ಪೇನೋ ಎಂಬಂತೆ ಮೆಲ್ಲಗೆ ಹೇಳಿದಳು: "ಅಮ್ಮ, ನಾನಿನ್ನೂ ಆನ್ ಮಾಡಿಲ್ಲ."

ಹೆಂಡತಿ ಸೋಫಾದ ಹಿಂದಕ್ಕೆ ಹೋಗಿ, ಅವನ ತಲೆಯಿಂದ ಆ ದಪ್ಪ ವಸ್ತುವನ್ನು ಕಿತ್ತು, "ರೀ," ಎಂದಳು. ಅವನು ಟಿವಿ ನೋಡುತ್ತಲೇ ಇದ್ದ. "ರೀ!" ಎಂದು ಕೂಗಿದಳು. ಗಂಟಲಲ್ಲಿ ಗಾಜು ಒಡೆದಂತಾಯಿತು. ಫ್ರಿಜ್ಜು ನೋಡುತ್ತಿದ್ದವರು ತಿರುಗಿದರು, ಬಾಗಿಲಿನ ಕಾವಲುಗಾರ ತಿರುಗಿದ. ಗಂಡ ಮಾತ್ರ ತಿರುಗಲಿಲ್ಲ. ಮೂರನೆಯ ಸಲ ಕೂಗಿದಾಗ ಬಂದದ್ದು ಬರೀ ಉಸಿರು.

ಅವಳು ಮುಂದೆ ಬಂದು ನಿಂತಾಗ ಅವನು ಗಾಬರಿಯಾದ. "ಯಾಕೆ ಕೂಗಿದೆ? ಕೂಗಬಾರದು ಅಂದಿದ್ದಾರೆ ಅಂತ ನೀನೇ ಹೇಳಿದ್ಯಲ್ಲ?"

"ಕೂಗಿದ್ದು ಕೇಳಿಸ್ತಾ?"

ಅವನು ತಲೆ ತಗ್ಗಿಸಿದ. "ಕತ್ತಿನ ನರ ಉಬ್ಬಿದೆ."

ಅವಳು ಪಕ್ಕದಲ್ಲಿ ಕುಸಿದು ಕೂತು, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಎಷ್ಟು ದಿನದಿಂದ?"

"ಪೂರ್ತಿ ಕೇಳಿಸದೆ ಆರು ವರ್ಷ ಆಗಿರಬೇಕು. ಮಿಲ್ಲಲ್ಲಿ ಗೊತ್ತಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಮುಚ್ಚಿಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ಅದೇ ಅಭ್ಯಾಸ ಆಯ್ತು. ನಿನ್ನ ಬಾಯಿ ಓದೋಕೆ ಬರುತ್ತಲ್ಲ, ನಡೀತಿತ್ತು. ಈ ಟಿವಿಯೋರು ಬಾಯಿ ಸರಿಯಾಗಿ ತೆರೆಯೋದೇ ಇಲ್ಲ."

ಆರು ವರ್ಷ! ಅತ್ತೆಯ ದನಿ, ವಕೀಲನ ದನಿ, ಮಗುವಿನ ತೊದಲು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಮನೆಯಲ್ಲಿ ಅವನ ಕುರ್ಚಿ ಯಾವಾಗಲೂ ಟಿವಿಗೆ ಓರೆಯಾಗಿ, ತನ್ನ ಕಡೆಗೆ ತಿರುಗಿರುತ್ತಿದ್ದದ್ದು ಅವಳಿಗೆ ನೆನಪಾಯಿತು. ಗುಡಿಸುವಾಗ ಅದನ್ನು ನೆಟ್ಟಗೆ ಮಾಡಿ ಮಾಡಿ ಬೈದುಕೊಂಡಿದ್ದಳು.

"ನಾನು ಸುಳ್ಳು ಹೇಳಿದ್ದಕ್ಕೆ ನೀನು ಕೂಗಿ ಕೂಗಿ ಹೀಗಾಯ್ತಾ?" ಎಂದ ಅವನು. "ಅದನ್ನೇ ಯೋಚಿಸಿ ಯೋಚಿಸಿ ಸಾಯ್ತಿದೀನಿ ಕಣೇ."

"ಇಲ್ಲ. ಅದರಿಂದಲ್ಲ ಅಂತ ಡಾಕ್ಟರು ಹೇಳಿದ್ರಲ್ಲ."

"ಹೇಳಿದ್ರಾ? ಇನ್ನೇನು ಹೇಳಿದ್ರು?"

"ನೀವೂ ಅಲ್ಲೇ ಇದ್ರಲ್ಲ. ನಿಮ್ಮ ಕಿವಿ ಹತ್ರ ಬಗ್ಗಿ ಹೇಳಿದ್ರು. ಹೂಂ ಹೂಂ ಅಂದ್ರಿ."

"ಅವರು ಮಾಸ್ಕ್ ಹಾಕ್ಕೊಂಡಿದ್ರು," ಎಂದ ಅವನು.

ಹತ್ತು ದಿನದಿಂದ ಅವನು ಆ ವಿಷಯ ಎತ್ತದೆ ಇದ್ದದ್ದನ್ನು ಅವಳು ದುಃಖವೆಂದುಕೊಂಡಿದ್ದಳು. ಇಬ್ಬರೂ ಒಂದೇ ಭಾರ ಹೊತ್ತಿದ್ದೇವೆ, ಬಾಯಿಬಿಟ್ಟರೆ ತಡೆಯಲಾರೆವು ಎಂದು ತಾನೂ ಸುಮ್ಮನಿದ್ದಳು. ಅವನಿಗೆ ಗೊತ್ತಿದ್ದದ್ದು ಗಂಟಲಲ್ಲಿ ಏನೋ ಗಂಟು, ಸೋಮವಾರ ತೆಗೆಯುತ್ತಾರೆ ಎಂಬುದಿಷ್ಟೇ. ಈಗ ಅವಳೇ ಹೇಳಬೇಕಾಗಿತ್ತು, ಇಲ್ಲೇ, ಬೆಲೆಯ ಚೀಟಿ ಹಾಕಿದ ಈ ಸೋಫಾದ ಮೇಲೆ.

ದನಿ ಎತ್ತುವ ಅಗತ್ಯವಿರಲಿಲ್ಲ. ಮಿಲ್ಲಿನಲ್ಲಿ ಮಾಡುತ್ತಿದ್ದಂತೆ ತುಟಿಯನ್ನಷ್ಟೇ ಆಡಿಸಿದಳು. ಸೋಮವಾರ ನನ್ನ ದನಿಯ ಪೆಟ್ಟಿಗೆ ತೆಗೀತಾರೆ. ಆಮೇಲೆ ನಾನು ಮಾತಾಡೋಕಾಗಲ್ಲ. ಯಾವತ್ತೂ ಆಗಲ್ಲ.

"ಇನ್ನೊಂದ್ಸಲ ಹೇಳು," ಎಂದ ಅವನು. ಅವಳು ಮತ್ತೆ ಹೇಳಿದಳು. ಅವನಿಗೆ ಮೊದಲ ಸಲವೇ ತಿಳಿದಿತ್ತು.

ಅವನು ಅವಳ ಕೈ ಹಿಡಿದ. "ತುಟಿ ಇರುತ್ತಲ್ಲ?"

"ಇರುತ್ತೆ."

"ಹಾಗಾದ್ರೆ ನನಗೇನೂ ಕಡಿಮೆಯಾಗಲ್ಲ ಬಿಡೇ. ನೀನು ಸುಮ್ನೆ ಈ ಡಬ್ಬಿಗಳಿಗೆ ದುಡ್ಡು ಹಾಕ್ಬೇಡ."

ಸಮಾಧಾನಕ್ಕೆಂದೇ ಅಂದ ಮಾತು. ಅವಳಿಗೆ ಅದು ಚೂರಿಯಂತೆ ನಾಟಿತು. ದನಿ ಬಂತು, ತಡೆಯಲಾಗದೆ, ಹರಿದುಕೊಂಡು: "ನನಗೆ ಕಡಿಮೆಯಾಗುತ್ತೆ ರೀ! ನನ್ನ ದನಿ ಅದು. ನೀವೊಬ್ಬರಾದ್ರೂ ಕೇಳಿಸ್ಕೊಂಡಿದೀರಿ ಅಂದ್ಕೊಂಡಿದ್ದೆ. ಮಣ್ಣಿಗೆ ಹಾಕಿದ ಹಾಗೆ ಹೋಯ್ತಲ್ಲ ಎಲ್ಲಾ!" ಮುಂದಿನದು ಕೆಮ್ಮಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಂಗಡಿಯಾಕೆ ಓಡಿಹೋಗಿ ನೀರು ತಂದಳು.

ಅವಳು ಎರಡು ಗುಟುಕು ಕುಡಿಯುವವರೆಗೆ ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಕೈಯೆತ್ತಿ, ಹಿಂಜರಿದು, ಪ್ಯಾಂಟಿಗೆ ಅಂಗೈ ಒರೆಸಿಕೊಂಡ. ಆಮೇಲೆ ಆ ಅಂಗೈಯನ್ನು ಮೆಲ್ಲಗೆ ಅವಳ ಕತ್ತಿನ ಮೇಲೆ, ಗಡ್ಡೆಯ ಪಕ್ಕಕ್ಕೆ, ನೋಯದ ಹಾಗೆ ಇಟ್ಟು ಕಣ್ಣು ಮುಚ್ಚಿಕೊಂಡ.

"ಹೇಳು," ಎಂದ. "ಆ ಹೆಂಗಸು ಯಾಕೆ ಅಳ್ತಿದ್ದಾಳೆ?"

ಕಣ್ಣು ಮುಚ್ಚಿದವನಿಗೆ ತುಟಿ ಕಾಣುವಂತಿರಲಿಲ್ಲ. ಅವಳು ಟಿವಿಯತ್ತ ನೋಡಿದಳು. ಅಲ್ಲಿನ ಮಾತು ಅವಳಿಗೂ ಕೇಳುತ್ತಿರಲಿಲ್ಲ, ಸುತ್ತಲಿನ ಹತ್ತು ಟಿವಿಗಳು ಹತ್ತು ಬಗೆಯಲ್ಲಿ ಅರಚುತ್ತಿದ್ದವು. ಆದರೂ ಅವಳು ಶುರುಮಾಡಿದಳು, ಅತ್ತೆಗೆ ಅತ್ತೆಯ ದನಿ, ಸೊಸೆಗೆ ಸೊಸೆಯ ದನಿ. ಅವನ ಬೆರಳುಗಳು ಒಮ್ಮೆ ಬೆಚ್ಚಿ, ಅಲ್ಲೇ ಕೂತವು.

ಅಂಗಡಿಯಾಕೆ ಹೆಡ್‌ಫೋನನ್ನು ಡಬ್ಬಿಯೊಳಗೆ ಇಡುತ್ತಿದ್ದವಳು ಹಾಗೆಯೇ ಬಿಟ್ಟು, ರಿಮೋಟುಗಳ ಬುಟ್ಟಿ ಎತ್ತಿಕೊಂಡಳು. ಒಂದು ತುದಿಯಿಂದ ಒಂದೊಂದೇ ಟಿವಿಯ ಸದ್ದು ಅಡಗಿಸುತ್ತ ಬಂದಳು.