ಹದಿನೈದರ ಡಬ್ಬಿ

ಚನಿಯನ ಅಡುಗೆಮನೆಯಲ್ಲಿ ತಕ್ಕಡಿ ಇರಲಿಲ್ಲ. ತುರ್ಭೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಅವನು ಎಣ್ಣೆ ಅಳೆದದ್ದು ಒಂದು ಲೀಟರಿನ ಅಲ್ಯುಮಿನಿಯಂ ಜಗ್ಗಿನಲ್ಲಿ. ವಡೆಗೆ ಎಂಟು ಜಗ್ಗು, ಒಗ್ಗರಣೆಗೆ ಒಂದು. ಡಬ್ಬಿಯೊಂದಕ್ಕೆ ಹದಿನಾರೂವರೆ ಜಗ್ಗು ಎಂಬುದು ಅವನಿಗೆ ತನ್ನ ವಯಸ್ಸಿಗಿಂತ ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳಲ್ಲಿ ಕ್ಯಾಂಟೀನಿನ ಮಾಲಕರ ಮಗ ಯತಿನ್ ಡಿಜಿಟಲ್ ತಕ್ಕಡಿ ತಂದಿಟ್ಟ. ಇನ್ನು ಎಲ್ಲವೂ ಕಿಲೋದಲ್ಲಿ. ಜಗ್ಗಿನ ತೂಕ ಕಳೆದರೆ ಒಂದು ಜಗ್ಗು ಎಣ್ಣೆ ಒಂಬೈನೂರ ಹತ್ತು ಗ್ರಾಂ ತೂಗುತ್ತಿತ್ತು. ಎಣ್ಣೆ ನೀರಿಗಿಂತ ಹಗುರ ಎಂದು ಯತಿನನೇ ಹೇಳಿಕೊಟ್ಟ. ಚನಿಯ ಪ್ರತಿ ಸಲವೂ ತೂಗಿ ಗೋಡೆಯ ಹಾಳೆಯಲ್ಲಿ ಬರೆದ. ಕೆಲಸ ಒಂದು ಹೆಚ್ಚಾಯಿತು, ಅಷ್ಟೇ.

ತಿಂಗಳ ಕೊನೆಗೆ ಯತಿನ್ ಹಾಳೆ ಕಿತ್ತುಕೊಂಡು ಬಂದ. ಅವನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

"ಚೌಬೀಸ್ ಡಬ್ಬಾ ಆಯಾ. ಪಂದ್ರಾ ಕೇ ಹಿಸಾಬ್ ಸೇ ತೀನ್ ಸೌ ಸಾಠ್. ಬತ್ತೀಸ್ ಕಿಲೋ ಕಿಧರ್ ಗಯಾ?" ಇಪ್ಪತ್ತನಾಲ್ಕು ಡಬ್ಬಿಗೆ ಹದಿನೈದರಂತೆ ಮುನ್ನೂರ ಅರವತ್ತು ಕಿಲೋ ಆಗಬೇಕಿತ್ತು, ಹಾಳೆಯಲ್ಲಿ ಮೂವತ್ತೆರಡು ಕಮ್ಮಿ.

"ನಾನೇನು ಕುಡಿದೆನಾ ಮಾರಾಯ್ರೇ?"

ಯತಿನ್ ನಗಲಿಲ್ಲ. "ಚಾವಿ ತೋ ತುಮ್ಹಾರೇ ಪಾಸ್ ಹೈ." ಉಗ್ರಾಣದ ಕೀಲಿ ಚನಿಯನ ಸೊಂಟದಲ್ಲೇ ಇತ್ತು.

ಐವತ್ತಾರರ ವಯಸ್ಸಿನಲ್ಲಿ ಬೇರೆ ಒಲೆ ಯಾರೂ ಕೊಡುವುದಿಲ್ಲ. ಕೋಪರಿಯಲ್ಲಿ ಅವನಿದ್ದ ಒಂಟಿ ಕೋಣೆಯ ಬಾಡಿಗೆ ಕಾಯುವುದೂ ಇಲ್ಲ. ಚನಿಯ ಹೇಳಿದ: "ಮೊದಲು ಹದಿನಾರೂವರೆ ಜಗ್ಗು ಬರ್ತಿತ್ತು. ಎರಡು ತಿಂಗಳಿಂದ ಹದಿನೈದೇ. ಮರಗಮ್ಮ ಸಂಜೆ ಬಾಟಲಿಯಲ್ಲಿ ಎಣ್ಣೆ ಕೊಂಡೋಗ್ತಾಳೆ."

ಅದು ಸುಳ್ಳಾಗಿರಲಿಲ್ಲ. ಪಾತ್ರೆ ತೊಳೆಯುವ ಮರಗಮ್ಮ ಒಯ್ಯುತ್ತಿದ್ದದ್ದು ಕರಿದು ಕಪ್ಪಾದ ಎಣ್ಣೆ. ಒಯ್ಯಲು ಹೇಳಿದವನು ಚನಿಯನೇ. ಆ ಎರಡು ಮಾತನ್ನು ಅವನು ಹೇಳಲಿಲ್ಲ. ತಾಜಾ ಎಣ್ಣೆಯೂ ಅದರ ಜೊತೆ ಹೋಗುತ್ತಿದೆಯೆಂದು ಅವನು ಆಗಲೇ ನಂಬಿಬಿಟ್ಟಿದ್ದ.

ಸಂಜೆ ಯತಿನ್ ಅವಳನ್ನು ಕೆಲಸದಿಂದ ತೆಗೆದ. ಅವಳು ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಒಲೆಯ ಎದುರು ಬಂದು ನಿಂತಳು.

"ಸುಟ್ಟ ಎಣ್ಣಿ ಒಯ್ಯಂತ ನೀನೇ ಹೇಳಿದ್ದಿಲ್ಲೇನು ಯಣ್ಣಾ? ಹೇಳು ಅವನಿಗಿ! ಬಾಯಿಗಿ ಕೀಲಿ ಬಿದ್ದಾದೇನು?"

ಚನಿಯ ವಡೆ ಮಗುಚಿದ. ಬಾಣಲೆಯಲ್ಲಿದ್ದವು ಮುಗಿದ ಮೇಲೆ ಇನ್ನೊಂದು ಸುತ್ತು ಬಿಟ್ಟ. ಅವಳು ಹೊರಟುಹೋದಳು.

ಹನ್ನೆರಡು ದಿನ ಕಳೆದವು. ನೆಲ ಒರೆಸುವಾಗ ಚನಿಯ ಒಂದು ಹೊಸ ಡಬ್ಬಿಯನ್ನು ಎತ್ತಿ, ಬೇರೆ ಜಾಗವಿಲ್ಲದೆ ತಕ್ಕಡಿಯ ಮೇಲಿಟ್ಟ. ತಗಡೂ ಸೇರಿ ಹದಿನಾಲ್ಕು ಕಿಲೋ ಆರುನೂರು. ಸೀಲು ಒಡೆದಿರಲಿಲ್ಲ. ಇನ್ನೊಂದು ಇಟ್ಟ. ಅದೂ ಅಷ್ಟೇ. ಅವನು ಯತಿನನನ್ನು ಕರೆದ.

ಯತಿನ್ ಬಂದು ಡಬ್ಬಿಯ ಸಣ್ಣ ಅಕ್ಷರ ಓದಿದ. "ಪಂದ್ರಾ ಲೀಟರ್. ತೇರಾ ಪಾಯಿಂಟ್ ಛೇ ಪಾಂಚ್ ಕಿಲೋ. ಅರೇ ಯಾರ್, ಏಪ್ರಿಲ್ ಮೇ ಸಪ್ಲಾಯರ್ ಬದಲಾ ಥಾ ನಾ! ಪುರಾನಾ ವಾಲಾ ಪಂದ್ರಾ ಕಿಲೋ ದೇತಾ ಥಾ." ಏಪ್ರಿಲ್‌ನಿಂದ ಬರುತ್ತಿದ್ದ ಹೊಸ ವ್ಯಾಪಾರಿಯ ಡಬ್ಬಿಯಲ್ಲಿದ್ದದ್ದು ಹದಿನೈದು ಕಿಲೋ ಅಲ್ಲ, ಹದಿನೈದು ಲೀಟರ್, ಅಂದರೆ ಹದಿಮೂರೂವರೆ ಕಿಲೋ ಚಿಲ್ಲರೆ. ಯತಿನ್ ಪೆನ್ನು ತೆಗೆದು ಹಾಳೆಯಲ್ಲಿ ಅಂಕಿ ತಿದ್ದಿದ.

"ಮತ್ತೆ ಮರಗಮ್ಮ?"

"ಉಸ್ಕೀ ಜಗಹ ಪೇ ಬಾಯೀ ಆ ಗಯೀ ನಾ." ಅವಳ ಜಾಗದಲ್ಲಿ ಹೊಸ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು.

ಚನಿಯ ಹಿತ್ತಿಲಿಗೆ ಹೋಗಿ ಫೋನ್ ಮಾಡಿದ. "ತಪ್ಪಾಯ್ತು ಮರಗಮ್ಮ. ಡಬ್ಬಿಯಲ್ಲೇ ಕಮ್ಮಿ ಬರ್ತಿತ್ತು. ಯಾರೂ ಕದ್ದದ್ದಲ್ಲ."

"ನಾ ಕದ್ದಿಲ್ಲಂತ ನನಗ ಹೇಳ್ತಿಯೇನು?" ಎಂದಳು ಮರಗಮ್ಮ. "ಓಣ್ಯಾಗ ಎಲ್ಲಾರಿಗೂ ಗೊತ್ತಾಗ್ಯಾದ. ನಾಕು ಮನ್ಯಾಗ ಕೆಲಸ ಕೇಳ್ದೆ. ಕಳ್ಳಿ ಅಂತ ಯಾರೂ ಒಳಗ ಕರಿಲಿಲ್ಲ. ನಿಂದು ಲೆಕ್ಕ ಸರಿ ಆಯ್ತಲ್ಲ, ಉಣ್ಣು ಹೋಗು."

ಎಣ್ಣೆ ಒಂದು ಹನಿಯೂ ಕಳುವಾಗಿರಲಿಲ್ಲ. ಮರಗಮ್ಮ ಕಳೆದುಕೊಂಡದ್ದು ಹನ್ನೊಂದು ವರ್ಷದ ಕೆಲಸ, ದಿನಕ್ಕೆರಡು ಊಟ, ನಾಲ್ಕು ಮನೆಯ ಬಾಗಿಲು.