ಐದನೇ ಗುಂಡಿಯ ಮಣ್ಣು

“ಲೇಬಲ್ ಅದಲುಬದಲಾಗಿದೆ ಕಣ್ರಿ” ಎಂದು ಮೇಲಧಿಕಾರಿ ನಕ್ಕಾಗ ಅವನಿಗೂ ನಗು ಬಂತು. ಬರಬಾರದಿತ್ತು.

ಮುಚ್ಚಿಹೋದ ಪೇಂಟ್ ಕಾರ್ಖಾನೆಯ ಜಾಗದಲ್ಲಿ ವಿಷವಿದೆಯೇ ಎಂದು ನೋಡುವುದು ಅವನ ಕೆಲಸ. ಎಂಟು ಗುಂಡಿ ತೋಡಿಸಿ ಮಣ್ಣು ತೆಗೆಸಿದ್ದ, ಎರಡು ಬೋರ್ ಕೊರೆಸಿ ಬಾಟಲಿಗಳಿಗೆ ನೀರು ತುಂಬಿಸಿದ್ದ. ಹೋಲಿಸಿ ನೋಡಲು ದೂರದ ಶುದ್ಧ ಜಾಗದ ಒಂದು ಬಾಟಲಿ ಮಣ್ಣನ್ನೂ ಕಳಿಸಿದ್ದ. ಲ್ಯಾಬಿನ ಉತ್ತರ ಈಗ ಮೇಜಿನ ಮೇಲಿತ್ತು. ನೀರು ಚೊಕ್ಕ. ಎಂಟೂ ಗುಂಡಿ ಚೊಕ್ಕ. ಶುದ್ಧ ಜಾಗದ ಮಣ್ಣಿನಲ್ಲಿ ಮಾತ್ರ ಇರಬಹುದಾದ್ದಕ್ಕಿಂತ ಹದಿನಾಲ್ಕು ಪಟ್ಟು ಸೀಸ.

“ಪೇಂಟ್ ಫ್ಯಾಕ್ಟರಿ ಮಣ್ಣು ಚೊಕ್ಕವಾಗಿದೆ ಅಂದ್ರೆ ಯಾರಾದ್ರೂ ನಂಬ್ತಾರೇನ್ರಿ?”

ಮತ್ತೊಮ್ಮೆ ಪರೀಕ್ಷೆ ಮಾಡಿಸೋಣವೇ ಎಂದು ಅವನು ತೊದಲಿದ. ಬೇಡ ಎಂದರು. ಶುದ್ಧ ಮಣ್ಣು ಎಲ್ಲಿಂದ ತಂದಿರಿ ಎಂದು ಕೇಳಿದರು. ದೂರದಿಂದ ಎಂದ. ಎಷ್ಟು ದೂರ ಎಂದು ಅವರು ಕೇಳಲಿಲ್ಲ. ಐದನೇ ಗುಂಡಿಗೂ ಶುದ್ಧ ಜಾಗಕ್ಕೂ ಹೆಸರು ಬದಲಿಸಿ ಸಹಿ ಹಾಕಿದರು. ಐದನೆಯದೇ ಏಕೆಂದರೆ, ಆ ಎರಡು ಲೇಬಲ್‌ಗಳಲ್ಲಿ ಅವನ ಕೈಬರಹ ಒಂದೇ ಥರ ಕೆಟ್ಟದಾಗಿತ್ತಂತೆ.

ದೂರ ಎಂದರೆ ಅವನ ಮನೆಯ ಹಿತ್ತಿಲು. ನಿಯಮದ ಪ್ರಕಾರ ಅವತ್ತು ಗುಡ್ಡದ ಕಡೆಗೆ ಎರಡು ಮೈಲಿ ನಡೆಯಬೇಕಿತ್ತು. ಬಿಸಿಲು ಹೆಚ್ಚಿತ್ತು. ಊಟಕ್ಕೆ ಮನೆಗೆ ಹೋದವನು ಪುದೀನ ಪಾತಿಯಲ್ಲೇ ಬಾಟಲಿ ತುಂಬಿಕೊಂಡು ಬಂದಿದ್ದ. ಮನೆಯ ಮೇಲಿನ ಪ್ರೀತಿಯಿಂದಲ್ಲ, ಬರೀ ಸೋಮಾರಿತನದಿಂದ.

ಮನೆಯೂ ಅವನದಲ್ಲ, ಮಾವನದು. ಮಾವ ಆ ಹಿತ್ತಿಲಲ್ಲಿ ಮೂವತ್ತು ವರ್ಷ ಸೀಸದ ತಗಡಿನ ಲಾರಿ ಬ್ಯಾಟರಿಗಳನ್ನು ಒಡೆದು, ತೊಳೆದು, ರಿಪೇರಿ ಮಾಡಿದವರು. ಈಗ ಅದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಾರೆ. ನನ್ನ ಮಣ್ಣು ಬಂಗಾರ ಅನ್ನುತ್ತಾರೆ. ಮನೆ ಅಳಿಯನಾದವನು ಬಂಗಾರವನ್ನು ಸೀಸ ಎನ್ನುವುದು ಹೇಗೆ?

ನಾಲ್ಕು ವರ್ಷದ ಮಗಳು ದಿನವಿಡೀ ಆ ಪಾತಿಯಲ್ಲೇ ಇರುತ್ತಾಳೆ. ಮಣ್ಣಿನುಂಡೆ ಕಟ್ಟಿ, ಎಲೆಯ ಮೇಲಿಟ್ಟು, ಮನೆಮಂದಿಗೆಲ್ಲ ಬಡಿಸುತ್ತಾಳೆ. ಸೀಸ ಮೊದಲು ಹಿಡಿಯುವುದು ಅಂಥ ಮಕ್ಕಳನ್ನೇ ಎಂದು ಅವನೇ ಎಷ್ಟೋ ವರದಿಗಳಲ್ಲಿ ಬರೆದಿದ್ದಾನೆ, ಎರಡನೇ ಪುಟದಲ್ಲಿ.

ಮಧ್ಯಾಹ್ನದ ಹೊತ್ತಿಗೆ ಐದನೇ ಗುಂಡಿಯ ಸುತ್ತ ಬೇಲಿ ಎದ್ದಿತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟ ಆರು ಜನ ಮಣ್ಣನ್ನು ಹಸುಗೂಸಿನಂತೆ ಎತ್ತಿ ಹಳದಿ ಚೀಲಗಳಿಗೆ ಇಳಿಸಿದರು. ಚೀಲದ ಮೇಲೆ ತಲೆಬುರುಡೆಯ ಚಿತ್ರ. ಬೋರ್ ಕೊರೆಯುವ ಮೇಸ್ತ್ರಿ ಒಂದು ಹಿಡಿ ತೆಗೆದು ಮೂಸಿದ.

“ಒಳ್ಳೇ ಮಣ್ಣು ಸಾರ್. ಗುಲಾಬಿ ಹಾಕಿದ್ರೆ ಚೆನ್ನಾಗಿ ಬರುತ್ತೆ.”

ಮಾಸ್ಕ್ ಹಾಕಿಕೋ ಎಂದು ಅವನು ಗದರಿದ. ಆಗಲೇ ಹೇಳಿಬಿಡಬಹುದಿತ್ತು. ಬಾಯಿವರೆಗೆ ಬಂದ ಮಾತು ಅವನ ಮಾಸ್ಕಿನೊಳಗೇ ಬಿಸಿಯಾಗಿ ಉಳಿಯಿತು. ಇಲ್ಲಿ ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಎಂದು ಯೋಚಿಸಲು ಭಯವಾಯಿತು.

ಸಂಜೆ ಆ ಹಳದಿ ಚೀಲಗಳಲ್ಲೊಂದನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೊರಟ. ಉಪಾಯ ಸರಳವಾಗಿತ್ತು. ಪಾತಿಯ ಮೇಲೆ ಈ ಚೊಕ್ಕ ಮಣ್ಣನ್ನು ಹರಡಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಒಂದು ಚೀಲದಿಂದ ಹಿತ್ತಿಲಿನ ಒಂದು ಮೂಲೆಯೂ ಮುಚ್ಚುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಾಳೆ ಇನ್ನೊಂದು ತಂದರಾಯಿತು ಅಂದುಕೊಂಡ.

ಹಿತ್ತಿಲಿಗೆ ಕಾಲಿಡುತ್ತಿದ್ದಂತೆ ಹೆಂಡತಿ ಅಡ್ಡ ಬಂದಳು.

“ಇದೇನ್ರೀ?”

“ಮಣ್ಣು. ಸೈಟಿಂದು. ಚೊಕ್ಕ ಮಣ್ಣು.”

“ಚೊಕ್ಕ ಮಣ್ಣಿಗೆ ಬುರುಡೆ ಯಾಕೆ?”

ಅವನ ಹತ್ತಿರ ಉತ್ತರವಿತ್ತು. ಆದರೆ ಅವಳ ಹಿಂದೆ ಮಾವ ಕುರ್ಚಿ ಹಾಕಿಕೊಂಡು ಪುದೀನ ಬಿಡಿಸುತ್ತಿದ್ದರು. ನಮ್ಮನೆಯಲ್ಲಿ ಮಣ್ಣಿಗೇನು ಬರವೇ, ಅಳಿಯಂದಿರು ಹೊರಗಿಂದ ಹೊತ್ತು ತರುತ್ತಿದ್ದಾರಲ್ಲ ಎಂದು ನಕ್ಕರು.

“ಆ ವಿಷಾನ ಕೆಳಗಿಡಬೇಡಿ” ಎಂದಳು ಹೆಂಡತಿ. “ಮಗು ಆಡೋ ಜಾಗ.”

ಇಡಲಿಲ್ಲ. ಚೀಲವನ್ನು ಎದೆಗವಚಿಕೊಂಡು ಪಾತಿಯ ಅಂಚಿನಲ್ಲಿ ನಿಂತ. ಕೈ ಜೋಮು ಹಿಡಿಯತೊಡಗಿತು.

ಮೊಣಕೈವರೆಗೆ ಮಣ್ಣಾಗಿದ್ದ ಮಗಳು ಎಲೆಯ ಮೇಲೆ ಉಂಡೆ ಇಟ್ಟುಕೊಂಡು ಬಂದಳು. ಅಪ್ಪನ ಕೈ ಖಾಲಿಯಿಲ್ಲದ್ದನ್ನು ಕಂಡು ಬಟ್ಟೆ ಒಗೆಯುವ ಕಲ್ಲು ಹತ್ತಿದಳು. ದಿನವೂ ಅವನು ತಿಂದಂತೆ ಮಾಡಿ, ಬಾಯಿ ಚಪ್ಪರಿಸಿ, ಉಂಡೆಯನ್ನು ಬೆನ್ನ ಹಿಂದೆ ಎಸೆಯುತ್ತಿದ್ದ. ಇವತ್ತು ಎಸೆಯಲು ಕೈಯಿರಲಿಲ್ಲ.

“ಮೊದಲು ನೀನು ತಿನ್ನಪ್ಪ. ಆಮೇಲೆ ನಾನು.”

ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಹೆಂಡತಿ ನೋಡುತ್ತಿದ್ದಳು. ಮಾವ ನೋಡುತ್ತಿದ್ದರು. ಉಂಡೆ ತುಟಿಯ ಹತ್ತಿರ ಬಂತು.

ಅವನು ಬಾಯಿ ತೆರೆದ.