ಸಣ್ಣಿಯ ಹೆಸರಿಗೊಂದು ಬಾಲ

ತದಡಿಯ ಸಣ್ಣಿ ಸರ್ಕಾರದ ಲೆಕ್ಕದಲ್ಲಿ ಗಂಡಸಾಗಿ ಎಷ್ಟೋ ವರ್ಷವಾಗಿತ್ತು. ಯಾವುದೋ ಕ್ಯಾಂಪಿನಲ್ಲಿ ಕಾರ್ಡು ಮಾಡಿಸುವಾಗ ಕಂಪ್ಯೂಟರಿನ ಮುಂದೆ ಕೂತವನು ಹೆಸರು ಕೇಳಿದ್ದ. ಅವಳು ಸಣ್ಣಿ ಅಂದಿದ್ದಳು. ಅವನು ಸನ್ನಿ ಎಂದು ಕುಟ್ಟಿ, ಆ ಹೆಸರಿನವರೆಲ್ಲ ಕೂಲಿಂಗ್ ಗ್ಲಾಸ್ ಹಾಕಿ ಬೈಕ್ ಓಡಿಸುವ ಹುಡುಗರೇ ಎಂಬ ನಂಬಿಕೆಯಲ್ಲಿ ಪಕ್ಕಕ್ಕೆ ಪುರುಷ ಎಂದು ಒತ್ತಿಬಿಟ್ಟಿದ್ದ. ತಲೆ ಎತ್ತಿದ್ದರೆ ಮೂಗುತಿ ಕಾಣುತ್ತಿತ್ತು. ಎತ್ತಲಿಲ್ಲ.

ಅದರಿಂದ ಆಕಾಶವೇನೂ ಬೀಳಲಿಲ್ಲ. ಆದರೆ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರೆಲ್ಲ ಸೇರಿ ಸಂಘ ಮಾಡಿಕೊಂಡಾಗ, ಚಿಕ್ಕಂದಿನಿಂದ ಆ ಕೆಸರಿನಲ್ಲೇ ಚಿಪ್ಪು ಹೆಕ್ಕಿದ ಸಣ್ಣಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಸಭೆ ನಡೆದಾಗಲೆಲ್ಲ ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ಉಳಿದವರ ಚಪ್ಪಲಿ ಕಾಯುತ್ತಿದ್ದಳು. ತಿದ್ದಿಸಲೆಂದು ಮೊಮ್ಮಗ ರಾಜೀವ ಕುಮಟೆಗೆ ಹೋದಾಗಲೆಲ್ಲ ಇನ್ನೊಂದು ಕಾಗದ ತರಲು ಹೇಳಿ ಕಳಿಸುತ್ತಿದ್ದರು.

ರಾಜೀವ ಹೊನ್ನಾವರದ ಒಂದು ಕಾಲೇಜಿನಲ್ಲಿ ಸಮುದ್ರಜೀವಿಗಳ ಸಂಶೋಧನೆ ಮಾಡುತ್ತಿದ್ದ. ಅವನ ಪಾಲಿಗೆ ಲ್ಯಾಬಿನ ಬಾಗಿಲು ತೆರೆಯುವುದೆಂದರೆ ಎಂಟ್ರಿ ಸೀನ್. ಫ್ಯಾನಿನ ಎದುರು ನಿಂತು ಒಮ್ಮೆ ಕೂದಲು ಹಾರಿಸಿಕೊಂಡ ಮೇಲೇ ಸ್ಟೂಲಿನ ಮೇಲೆ ಕೂರುವುದು. ಹಿನ್ನೆಲೆ ಸಂಗೀತವನ್ನೂ ಅವನೇ ಬಾಯಲ್ಲಿ ಬಾರಿಸಿಕೊಳ್ಳುತ್ತಿದ್ದ. ಜೊತೆಗೆ ಕೀಟಲೆ ಬೇರೆ. ಒಮ್ಮೆ ಉದ್ದಿನ ಹಪ್ಪಳದ ಚೂರೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಭಟ್ಕಳದ ಬಂಡೆಯ ಮೇಲೆ ಸಿಕ್ಕ ಅಪರೂಪದ ಪಾಚಿ ಎಂದು ಸಹಪಾಠಿ ಅರ್ಚಿತಾಳ ಮುಂದೆ ಸರಿಸಿದ್ದ. ಅವಳು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬಿಡಿಸಿ, ಜೀರಿಗೆಯ ತುಂಡಿಗೂ ಬಾಣದ ಗುರುತು ಹಾಕಿ ಮೇಷ್ಟ್ರಿಗೆ ತೋರಿಸಿದ್ದಳು. ಮೇಷ್ಟ್ರು ಕೃಷ್ಣಾನಂದರು ಮೂಸಿ ನೋಡಿ, ಇಂಗು ಹಾಕಿದ ಹಪ್ಪಳ ಎಂದಿದ್ದರು. ನಿನಗೂ ಒಂದು ದಿನ ಬರ್ತದೆ ಎಂದು ಅರ್ಚಿತಾ ಅವತ್ತೇ ಹೇಳಿಟ್ಟಿದ್ದಳು.

ಆ ದಿನ ಅಜ್ಜಿಯ ಬುಟ್ಟಿಯಲ್ಲೇ ಬಂತು. ಬಳಚಿನ ಚಿಪ್ಪಿನ ಮೇಲೆ ಕಂದು ಬಣ್ಣದ ಲೋಳೆ ಹತ್ತಿರುತ್ತದೆ. ಸಣ್ಣಿ ಅದನ್ನು ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆದು ಚೆಲ್ಲುವವಳು. ರಾಜೀವ ಚೂರು ಕೆರೆದುಕೊಂಡು ಹೋಗಿ, ಆಸಿಡ್ಡಿನಲ್ಲಿ ಕುದಿಸಿ, ಉಳಿದ ಬೂದಿಯಂಥದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಲೋಳೆಯ ತುಂಬ ಡಯಾಟಮ್‌ಗಳು, ಅಂದರೆ ಗಾಜಿನ ಡಬ್ಬಿಯೊಳಗೆ ಒಂಟಿಯಾಗಿ ಬದುಕುವ ಪಾಚಿಗಳು. ಒಂದು ಕೂದಲಿನ ದಪ್ಪದೊಳಗೆ ನಾಲ್ಕೈದು ಹಿಡಿಸುತ್ತವೆ. ಹೆಚ್ಚಿನವು ಪುಸ್ತಕದಲ್ಲಿ ಇದ್ದವೇ. ಒಂದು ಮಾತ್ರ ಇರಲಿಲ್ಲ. ಆಕಾರ ಎರಡೂ ತುದಿ ಚೂಪಾದ ದೋಣಿಯದು, ಮೈಮೇಲೆ ಬಾಚಿದಂತೆ ಗೆರೆಗಳು. ತುದಿಗೆ ಬಂದ ಕೂಡಲೇ ಆ ಗೆರೆಗಳು ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ ವಾಲುತ್ತಿದ್ದವು, ಇಂಟರ್‌ವಲ್ ಆದಮೇಲೆ ಹೀರೋ ಕಡೆ ಬದಲಿಸಿದ ಹಾಗೆ.

ಕೃಷ್ಣಾನಂದರು ಮೊದಲು ಕೇಳಿದ್ದು, ಇದೂ ಹಪ್ಪಳ ಅಲ್ಲವಷ್ಟೆ ಎಂದು. ಮತ್ತೆ ಮತ್ತೆ ತರಿಸಿದರು, ಅಳೆಸಿದರು, ಗೆರೆ ಎಣಿಸಿದರು, ಪರವೂರಿನ ದೊಡ್ಡ ಯಂತ್ರದಲ್ಲಿ ಫೋಟೊ ತೆಗೆಸಿದರು. ಹೊಸದೇ ಹೌದು ಎಂದು ತೀರ್ಮಾನವಾದಾಗ, ಹೆಸರು ನೀನೇ ಇಡು ಅಂದರು.

ಅದರ ಕುಲದ ಹೆಸರು ನ್ಯಾವಿಕ್ಯುಲ. ಲ್ಯಾಟಿನ್ನಿನಲ್ಲಿ ಪುಟ್ಟ ದೋಣಿ ಎಂದರ್ಥ. ಅಜ್ಜ ಈರನ ಕಾಲದಿಂದ ಮನೆಯ ದೋಣಿಗಳಿಗೆಲ್ಲ ದೇವರ ಹೆಸರು, ಇಲ್ಲವೇ ಗಂಡುಮಕ್ಕಳ ಹೆಸರು. ಸಣ್ಣಿಯ ಹೆಸರಿನ ದೋಣಿ ಇರಲಿಲ್ಲ. ರಾಜೀವ ಅವತ್ತೇ ಮನೆಗೆ ಹೋಗಿ ಅಂಗಳದಲ್ಲಿ ಒಂದು ಕಾಲು ಮುಂದಿಟ್ಟು ನಿಂತ.

“ಅಜ್ಜೀ, ಒಂದು ಕಾರ್ಡು ನಿನ್ನ ಗಂಡ್ಸು ಮಾಡ್ತು. ಇಡೀ ಪ್ರಪಂಚ ಓದೂ ಹಾಂಗೆ ನಾ ನಿನ್ನ ಹೆಂಗ್ಸು ಅಂತ ಬರಸ್ತೆ. ಇದು ಈ ರಾಜೀವನ ಮಾತು.”

“ಬರ್ಸಾ ತಮ್ಮಾ,” ಅಂದಳು ಸಣ್ಣಿ. “ಮೀಸೆ ಬತ್ತದೇನ ಅಂತ ನಾನೂ ಕಾದು ಕಾದು ಸಾಕಾತು.”

ಹಾಗೆ ಮಾತು ಕೊಟ್ಟವನು ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನದಲ್ಲಿ ಬರೆದದ್ದು ‘ಸಣ್ಣಿಇ’ ಎಂದು. ಪುಸ್ತಕಗಳ ತುಂಬ ಹೆಸರಿನ ಕೊನೆಗೆ ಇಂಥ ಇಕಾರದ ಬಾಲ ಕಂಡಿದ್ದ. ಅವನ ಊರಿನ ವ್ಯಾಕರಣವೂ ಅದನ್ನೇ ಹೇಳುತ್ತಿತ್ತು. ಈರ, ಸೋಮ ಎಂದರೆ ಗಂಡು. ಕಮಲಿ, ಸಣ್ಣಿ ಎಂದರೆ ಹೆಣ್ಣು. ಕೊನೆಗೆ ಒಂದು ಇ ಇದ್ದರೆ ಹೆಂಗಸು, ಎರಡಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಕೃಷ್ಣಾನಂದರು ಪರೀಕ್ಷೆಯ ಕೆಲಸಕ್ಕೆ ಭಟ್ಕಳಕ್ಕೆ ಹೊರಟ ಗಡಿಬಿಡಿಯಲ್ಲಿ ಅಳತೆಯ ಭಾಗ ಮಾತ್ರ ತಿದ್ದಿದರು. ದೂರದ ಪರಿಶೀಲಕರಿಗೆ ಸಣ್ಣಿ ಯಾರೋ, ಎಂತೋ.

ಅಚ್ಚಿಗೆ ಮೊದಲಿನ ಕೊನೆಯ ಪ್ರತಿ ಬಂದಾಗ ಅರ್ಚಿತಾ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು. ಲ್ಯಾಟಿನ್ನಿನಲ್ಲಿ ಅದು ಗಂಡಸರ ಹೆಸರಿಗೆ ಹಚ್ಚುವ ಬಾಲ, ಹೆಂಗಸಾದರೆ ಕೊನೆಗೆ ಏ ಬರಬೇಕು ಎಂದಳು. ಹಪ್ಪಳದ ಸೇಡು ಇಷ್ಟು ಸಣ್ಣದಾಗಿ ಬಂದದ್ದಕ್ಕೆ ರಾಜೀವನಿಗೆ ಮರುಕವೇ ಆಯಿತು.

“ರಾಜೀವನ ಹತ್ರ ರೀಲು ಬಿಡೂದು ಅಂದ್ರೆ, ಸಮುದ್ರಕ್ಕೇ ಹೋಗಿ ಉಪ್ಪು ಮಾರಿದ ಹಾಂಗೆ ಮಾರಾಯ್ತಿ,” ಎಂದು ಕಾಲರ್ ಎತ್ತಿ, ಒಪ್ಪಿಗೆಯ ಗುಂಡಿ ಒತ್ತಿದ. ಅವಳು ಶೇಂಗಾ ಸುಲಿಯಲು ಕೂತಳು.

ಶನಿವಾರ ಊರಿಗೆ ಹೊರಟವನು ಕುಮಟೆಯಲ್ಲಿ ಬಸ್ಸು ಬದಲಿಸಿದ್ದ. ಮಿರ್ಜಾನ ಬರುವಷ್ಟರಲ್ಲಿ ಪತ್ರಿಕೆಯವರಿಂದ ಮೇಲ್ ಬಂತು. ಸೋಮವಾರ ಲೇಖನ ಹೊರಬರುತ್ತದೆ, ಜೊತೆಗೆ ಹಾಕಲು ಒಂದು ಪರಿಚಯದ ಸಾಲು ಬರೆದಿದ್ದೇವೆ, ನೋಡಿ ಎಂದು. ರಾಜೀವ ನೋಡಿದ. ಈ ಹೆಸರು ತದಡಿಯ ಹಿರಿಯ ಮೀನುಗಾರ ಶ್ರೀಯುತ ಸಣ್ಣಿ ಅವರ ಗೌರವಾರ್ಥ ಎಂದಿತ್ತು. ಬಾಲ ನೋಡಿ ಅವರು ಗಂಡಸೆಂದುಕೊಂಡಿದ್ದರು. ಈ ಸಲ ಇಂಗ್ಲಿಷಿನಲ್ಲಿ, ಬಣ್ಣದ ಚಿತ್ರದ ಸಮೇತ, ಅಜ್ಜಿಯನ್ನು ಗಂಡಸು ಮಾಡಿದವನು ಸ್ವಂತ ಮೊಮ್ಮಗ.

ಅವನು ಮಿರ್ಜಾನದಲ್ಲೇ ಇಳಿದು, ಅಂಗಡಿಯೊಂದರ ಬೆಂಚಿನ ಮೇಲೆ ಕೂತು ಅರ್ಚಿತಾಳಿಗೆ ಫೋನ್ ಮಾಡಿದ. ಹಿನ್ನೆಲೆ ಸಂಗೀತ ಇರಲಿಲ್ಲ.

“ಆ ಬಾಲದ್ದು ನಿಜಾನಾ?”

“ನಾ ನಿನ್ನ ಹತ್ರ ಸುಳ್ಳು ಹೇಳಿದ್ದು ಯಾವತ್ತು? ಹಪ್ಪಳ ಇಟ್ಟವ ಯಾರು, ನೀನಾ ನಾನಾ?”

ರಾಜೀವ ಫೋನು ಇಟ್ಟ. ಸಂಪಾದಕರಿಗೆ ತಪ್ಪು ನನ್ನದು, ಸಣ್ಣಿ ಹೆಂಗಸು ಎಂದು ಬರೆದ. ಆದರೆ ಒಪ್ಪಿಗೆ ಕೊಟ್ಟಾದ ಮೇಲೆ ಬರೀ ಬಾಯಿಮಾತು ಯಾರು ನಂಬಿಯಾರು ಅನಿಸಿತು. ಸಾಕ್ಷಿಗೆಂದು ಫೋನಿನಲ್ಲಿದ್ದ ಅಜ್ಜಿಯ ಕಾರ್ಡಿನ ಫೋಟೊ ಲಗತ್ತಿಸಿದ. ಕಳಿಸುವ ಮೊದಲು ಒಮ್ಮೆ ತೆರೆದ. ಸನ್ನಿ. ಪುರುಷ. ಕೂತಲ್ಲೇ ಅದನ್ನು ತೆಗೆದುಹಾಕಿ ಮುಂದಿನ ಬಸ್ಸು ಹಿಡಿದ.

ತದಡಿಯಲ್ಲಿ ಇಳಿತದ ಹೊತ್ತು. ಸಣ್ಣಿ ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗಿನ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದಳು. ರಾಜೀವ ಮುಖ ಎತ್ತಲು ಹೇಳಿ ಫೋಟೊ ತೆಗೆದ. ಮೂಗುತಿ ಸರಿಯಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿ, ಅದನ್ನೇ ಮೇಲ್‌ಗೆ ಲಗತ್ತಿಸಿ ಸಂಪಾದಕರಿಗೆ ಕಳಿಸಿದ. ಎಂತಕ್ಕೆ ಎಂದು ಅವಳು ಕೇಳಿದ್ದಕ್ಕೆ, ನೀನು ಹೆಂಗಸು ಅಂತ ತೋರಿಸಲಿಕ್ಕೆ ಅಂದ. ಅವಳು ಸುತ್ತಮುತ್ತ ಬಗ್ಗಿದ್ದ ಹೆಂಗಸರನ್ನು ಒಮ್ಮೆ ನೋಡಿ, ಮತ್ತೆ ಬಗ್ಗಿದಳು.

ಭಾನುವಾರ ಇಡೀ ದಿನ ಫೋನು ಕೈಯಲ್ಲೇ ಇತ್ತು. ಸಂಜೆ ವಿಷಯ ತಿಳಿದ ಕೃಷ್ಣಾನಂದರು ಭಟ್ಕಳದಿಂದ ಬೈಯಲು ಕರೆ ಮಾಡಿದರು, ಬೈದರು. ಸಂಪಾದಕರ ಉತ್ತರ ಸೋಮವಾರ ಬೆಳಿಗ್ಗೆ ಬಂತು. ಬಾಲ ಬದಲಿಸಿದ್ದೇವೆ, ಶ್ರೀಯುತ ತೆಗೆದು ಶ್ರೀಮತಿ ಹಾಕಿದ್ದೇವೆ, ಫೋಟೊ ಚೆನ್ನಾಗಿದೆ. ಅಷ್ಟೇ.

ಲೇಖನ ಹೊರಬಂದಾಗ ಅವನು ಹೊನ್ನಾವರಕ್ಕೆ ಹೋಗಿರಲಿಲ್ಲ. ಫೋನು ಹಿಡಿದು ನೇರ ದಂಡೆಗೆ ನಡೆದ. ಸಣ್ಣಿ ಆ ದಿನದ ಚಿಪ್ಪುಗಳನ್ನು ತೆಂಗಿನ ಸಿಪ್ಪೆಯಿಂದ ತಿಕ್ಕುತ್ತಿದ್ದಳು. ಲೋಳೆ ಕಂದಾಗಿ ನೀರಿಗೆ ಇಳಿಯುತ್ತಿತ್ತು. ಅವಳ ಗೆಳತಿ ಕಮಲಿ ಅತ್ತ ದೋಣಿಯಲ್ಲಿ ಕೂತು ಎಲೆಅಡಿಕೆಯ ಕವಳ ಜಗಿಯುತ್ತಿದ್ದಳು. ರಾಜೀವ ಗಂಟಲು ಸರಿಮಾಡಿಕೊಂಡು, ಅಳಿವೆಗೆಲ್ಲ ಕೇಳುವ ಹಾಗೆ ಓದಿದ.

“ನ್ಯಾವಿಕ್ಯುಲ ಸಣ್ಣಿಯೇ!”

“ಓ,” ಅಂದಳು ಸಣ್ಣಿ ತಲೆ ಎತ್ತದೆ. ಆಮೇಲೆ ದೋಣಿಯ ಕಡೆ ತಿರುಗಿ, “ಎಂತದೇ ಕಮಲೀ, ನೀರು ಏರ್ತದೇನೇ?”

ಕಮಲಿ ಕವಳ ಉಗಿದು, ತಾನು ಬಾಯೇ ತೆರೆದಿಲ್ಲ ಅಂದಳು. ರಾಜೀವ ಮತ್ತೊಮ್ಮೆ ಓದಿದ, ಈ ಸಲ ಸಣ್ಣ ದನಿಯಲ್ಲಿ. ಆ ಕೊನೆಯ ಏ ಎಂದರೆ ಹೆಂಗಸು ಎಂದು ಅರ್ಥ ಅಂತಲೂ ಹೇಳಿದ.

“ಅದ್ರಲ್ಲಿ ಹೊಸತು ಎಂತದು?” ಅಂದಳು ಕಮಲಿ. “ನಾ ಮದ್ವೆಯಾಗಿ ಈ ಊರಿಗೆ ಬಂದಾಗ್ನಿಂದ ಇದ್ನ ‘ಸಣ್ಣಿಯೇ’ ಅಂತ್ಲೇ ಕರೂದು.”

ಸಣ್ಣಿ ಚಿಪ್ಪೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಅದನ್ನು ತಿಕ್ಕದೆ ಹಾಗೇ ಪಕ್ಕಕ್ಕಿಟ್ಟು, ಉಳಿದವನ್ನು ತೊಳೆಯತೊಡಗಿದಳು.